ಬಾಲ ಹಿಡಿದು ಹೊರಟ ಸೋದರಮಾವ

ದೊಡ್ಡಬಳ್ಳಾಪುರದಲ್ಲಿ ಸ್ಟುಡಿಯೋ ಇಟ್ಟಿರುವ ನಮ್ಮ ಸೋದರಮಾವನ ಕೈಲಿ ನೀವೇನಾದರೂ ಫೋಟೋ ತೆಗೆಸಿಕೊಂಡಿದ್ದರೆ, ಮುಖಕ್ಕೆ ಪೌಡರ್ ಹಚ್ಚಿದ್ದು ದಂಡ! ಯಾಕೆಂದರೆ ಮಾವನಿಗೆ ಮುಖ ಬೇಡ, ಬೆನ್ನು ಬೇಕು. "ಮುಖ ನಾಟಕ ಆಡುತ್ತೆ ಕಣಮ್ಮಿ, ಬೆನ್ನಿಗೆ ಅದೆಲ್ಲ ಬರಲ್ಲ" ಅಂತಾನೆ. ರಾಜಘಟ್ಟದ ಒಂದು ಮದುವೆ ಆಲ್ಬಂ ತುಂಬಾ ಬರೀ ಜಡೆ, ಮೊಗ್ಗಿನ ದಂಡೆ, ಪೇಟದ ಹಿಂಭಾಗ. ಗಂಡಿನ ತಂದೆ ತಿರುವಿ ತಿರುವಿ ನೋಡಿ, "ಏನಪ್ಪಾ, ನಮ್ಮನ್ನೆಲ್ಲ ಅಟ್ಟಿಸ್ಕೊಂಡೋಗಿ ತೆಗ್ದಾ?" ಅಂದರಂತೆ.

ಇವನ ಹೆತ್ತ ತಾಯಿ, ಅಂದರೆ ನಮ್ಮಜ್ಜಿ, ಇನ್ನೊಂದು ತರ. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಮ್ಮಿ ಆಗುತ್ತೆ ಅಂತ ಅವಳ ನಂಬಿಕೆ. ಮಗ ಕ್ಯಾಮೆರಾ ಎತ್ತಿದರೆ ಸಾಕು, ಗಿರಕ್ಕನೆ ತಿರುಗಿ ಹೊಲದ ಕಡೆ ನಡೆದುಬಿಡೋಳು. ಅವಳು ತೀರಿಕೊಂಡಾಗ ಗೋಡೆಗೆ ಹಾಕೋಕೆ ಒಂದು ಫೋಟೋ ಇರಲಿಲ್ಲ. "ಫೋಟೋಗ್ರಾಫರ್ ಆಗಿ ತಾಯೀದೇ ಇಲ್ವಾ?" ಅಂತ ನೆಂಟರೆಲ್ಲ ಮಾವನನ್ನು ಬೈದಿದ್ದರು.

ಇಂಥವನ ಮೊಬೈಲಿಗೆ ಒಂದು ದಿನ ತಿಮಿಂಗಿಲದ ವಿಡಿಯೋ ಬಂತು ನೋಡಿ! ಕೆಲವು ತಿಮಿಂಗಿಲಗಳು ಮುಳುಗುವಾಗ ಬಾಲ ಎತ್ತುತ್ತವಂತೆ. ಒಂದರ ಬಾಲದಂತೆ ಇನ್ನೊಂದರದು ಇರಲ್ಲವಂತೆ. ಬಾಲದ ಫೋಟೋ ನೋಡಿಯೇ ಸಂಶೋಧಕರು ಯಾವುದು ಇದೆ, ಯಾವುದು ಕಾಣೆಯಾಯಿತು ಅಂತ ಗುರುತು ಹಿಡಿಯೋದಂತೆ. ಮಾವ ಕುಣಿದಾಡಿಬಿಟ್ಟ. "ನೋಡ್ದಾ! ಬಾಲವೇ ಅದರ ಆಧಾರ್ ಕಾರ್ಡು! ಫೋಟೋ ಇಲ್ದಿದ್ರೆ ಲೆಕ್ಕಕ್ಕಿಲ್ಲ. ಹಡಗು ಗುದ್ದಿ ಸತ್ರೂ ಕೇಳೋರಿಲ್ಲ. ಒಂದಾದ್ರೂ ನಾನು ತೆಗೀಲೇಬೇಕು!"

ನಮ್ಮ ಸೀಮೆಯಲ್ಲಿ ಸಮುದ್ರ ಎಲ್ಲಿಂದ ತರೋದು? ಅಭ್ಯಾಸಕ್ಕೆ ಅಂತ ಸಾಸಲು ಕಡೆಯ ಕೆರೆಗೆ ಹೋದ. ನೀರಿಗಿಳಿದ ಎಮ್ಮೆ ಮೂಗೆತ್ತಿ ಬುಸ್ ಅನ್ನೋದು, ಇವನು ಹಿಂದಿನಿಂದ ಕ್ಲಿಕ್ ಅನ್ನಿಸೋದು. ಎಮ್ಮೆ ಯಜಮಾನ ಕೇಳೇಬಿಟ್ಟ: "ಏನ್ ಗುರು, ನಮ್ಮೆಮ್ಮೆಗೆ ಗಂಡು ನೋಡ್ತಿದೀಯಾ?"

"ಅದಕ್ಕೆ ಮುಖ ಬೇಕಾಗುತ್ತಪ್ಪ. ನಾನು ಬಾಲದೋನು!"

ಶ್ರೀಲಂಕಾದ ಕಡಲಲ್ಲಿ ನೀಲಿ ತಿಮಿಂಗಿಲ ಕಾಣುತ್ತೆ ಅಂತ ತಿಳಿದಿದ್ದೇ ಹೊರಟು ನಿಂತ. ಅತ್ತೆ ಬಿಟ್ಟಾಳೆಯೇ? "ರೀ, ನನ್ನನ್ನ ಪಕ್ಕದ ನಂದಿಬೆಟ್ಟಕ್ಕೂ ಕರ್ಕೊಂಡೋಗಿಲ್ಲ. ತಿಮಿಂಗಿಲಕ್ಕೆ ಮಾತ್ರ ವಿಮಾನಾನಾ?" ಅತ್ತೆಗೂ ಟಿಕೆಟ್ ಆಯಿತು. ಇಂಗ್ಲಿಷ್ ಮಾತಾಡೋಕೆ ಅಂತ ನನಗೂ! ದೇವನಹಳ್ಳಿಯಲ್ಲಿ ವಿಮಾನ ಹತ್ತಿದೆವು.

ದೋಣಿಯಲ್ಲಿ ಅತ್ತೆಗೂ ನನಗೂ ವಾಂತಿಯೋ ವಾಂತಿ. ಅಷ್ಟರಲ್ಲಿ ದೂರದಲ್ಲಿ ಬುಸ್ಸಂತ ಕಾರಂಜಿ ಎದ್ದಿತು. ನೀಲಿ ತಿಮಿಂಗಿಲ! ನಮ್ಮ ದೋಣಿಯವನು ಮರ್ಯಾದಸ್ಥ, ಅಲ್ಲೇ ಎಂಜಿನ್ ನಿಲ್ಲಿಸಿದ. ಬೇರೆ ದೋಣಿಗಳು ಮಾತ್ರ ಅದನ್ನು ಮುತ್ತಿಕೊಂಡವು. ಬೆದರಿದರೆ ಅದು ಬಾಲ ಎತ್ತದೆ ಹಾಗೇ ಜಾರಿಕೊಳ್ಳುತ್ತೆ, ಅಲ್ಲಿಗೆ ಮಾವನ ಕನಸು ಮುಗೀತು. ಆಗ ಮಾವ ಎದ್ದು ನಿಂತ. ಧಾರೆ ಹೊತ್ತಿಗೆ ಮಂಟಪಕ್ಕೆ ನುಗ್ಗೋ ನೆಂಟರನ್ನು ಚದುರಿಸಿ ಪಳಗಿದ ಗಂಟಲು ಅದು.

"ರೀ! ಸರ್ಕೊಳ್ರೀ ಆ ಕಡೆ! ಗಾಳಿ ಬಿಡ್ರೀ! ಹೆಣ್ಣು ಸ್ವಲ್ಪ ಉಸಿರಾಡ್ಲಿ!"

ಕನ್ನಡ ಯಾರಿಗೆ ಅರ್ಥವಾಯಿತೋ ದೇವರೇ ಬಲ್ಲ, ದೋಣಿಗಳೆಲ್ಲ ಹಿಂದೆ ಸರಿದವು! ಸಮುದ್ರ ತಣ್ಣಗಾಯಿತು. ಇನ್ನೆರಡು ಸಲ ಉಸಿರುಬಿಟ್ಟು, ಆ ಮಹಾತಾಯಿ ನಿಧಾನವಾಗಿ ಬಾಲ ಎತ್ತಿದಳು. ಕ್ಲಿಕ್!

ಆ ಫೋಟೋವನ್ನು ಸಂಶೋಧಕರಿಗೆ ಕಳಿಸಿದೆವು. ಊರಿಗೆ ಬಂದ ಮೇಲೆ ಅವರಿಂದ ಫೋನು. ಕೇಳಿಸಿಕೊಂಡು ಮಾವನಿಗೆ ಕನ್ನಡದಲ್ಲಿ ಹೇಳಿದವಳು ನಾನೇ. ಬಾಲದ ಅಂಚಿನಲ್ಲಿರುವ ಗಾಯದ ಕಚ್ಚಿನಿಂದ ಗುರುತು ಸಿಕ್ಕಿತಂತೆ. ಅದು ಹೆಣ್ಣೇ. ವರ್ಷಗಟ್ಟಲೆ ಯಾರಿಗೂ ಕಂಡಿರಲಿಲ್ಲ, ಹಡಗಿಗೆ ಸಿಕ್ಕಿ ಸತ್ತಿದೆ ಅಂದುಕೊಂಡಿದ್ದರಂತೆ.

"ಬದುಕಿದಾಳಾ?" ಅಂದವನೇ ಮಾವ ಬೀದಿಗೆ ಓಡಿದ. ಬಸ್ ಸ್ಟ್ಯಾಂಡಿನವರೆಗೂ ಮೈಸೂರು ಪಾಕ್ ಹಂಚಿದ. "ಬದುಕಿದಾಳೆ ಕಣ್ರಯ್ಯಾ!" ಯಾರು ಅಂತ ಕೇಳೋಕೆ ಯಾರ ಬಾಯಿಗೂ ಬಿಡುವಿರಲಿಲ್ಲ.

ಮಾರನೇ ವಾರ ಸ್ಟುಡಿಯೋಗೆ ಹೋದೆ. ಎದುರು ಗೋಡೆಯಲ್ಲಿ ದೊಡ್ಡದಾಗಿ ಆ ಬಾಲ. ಅದರ ಪಕ್ಕ ನಾನೆಂದೂ ನೋಡಿರದ ಹಳೇ ಫೋಟೋ ಒಂದು, ಹೊಸ ಕಟ್ಟು ಹಾಕಿಸಿದ್ದು. ಹೊಲದ ಬದುವಿನ ಮೇಲೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಕ್ಕೆ ವಾಲಿಕೊಂಡು ನಡೆದು ಹೋಗುತ್ತಿರುವ ಹೆಂಗಸಿನ ಬೆನ್ನು.

"ಅಯ್ಯೋ, ಅಜ್ಜಿ!" ಅಂದುಬಿಟ್ಟೆ.

ಮಾವ ಶರ್ಟಿನ ತುದಿಯಿಂದ ಗಾಜು ಒರೆಸುತ್ತಾ ಕೇಳಿದ: "ಮುಖ ಇಲ್ವಲ್ಲ ಅಂತ ಇಷ್ಟು ವರ್ಷ ಬಚ್ಚಿಟ್ಟಿದ್ದೆ. ಗುರುತು ಸಿಗುತ್ತೆ ಅಲ್ವೇನಮ್ಮಿ?"