ಊರಿನ 'ಅದ್' ಮತ್ತು ನನ್ನ ಹಳೇ ಕಾರು

ನಮ್ಮ ಕುಂದಾಪುರದ ಕಡೆ ದನವೂ 'ಅದ್', ಕಾರೂ 'ಅದ್', ಕಟ್ಟಿಕೊಂಡ ಹೆಂಡತಿಯೂ 'ಅದ್'. ಗಂಟಿ ಡಾಕ್ಟ್ರು, ಅಂದರೆ ದನದ ಡಾಕ್ಟ್ರು, ಎನಿಸಿಕೊಂಡು ಊರೂರಿನ ಕೊಟ್ಟಿಗೆ ಸುತ್ತಿದ ನನಗೆ ಈ ಮೂರೂ ಇದ್ದುದರಿಂದ ಫಜೀತಿಗಳಿಗೆ ಬರಗಾಲ ಬರಲಿಲ್ಲ. ಈಗ ನಿವೃತ್ತಿಯಾಗಿದೆ, ದನಗಳಿಲ್ಲ. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಕಾರೊಂದು ಉಳಿದಿದೆ. ಅದನ್ನೂ ಗುಜರಿಗೆ ಹಾಕಿ ಎಂದು ಊರೆಲ್ಲ ಹೇಳುತ್ತದೆ.

ಯಡ್ತರೆಯಿಂದ ಫೋನು

ಸೆಕೆಂಡ್ ಹ್ಯಾಂಡ್ ಕಾರು ತಂದ ಹೊಸತು, ಸಾವಿರದ ಒಂಬೈನೂರ ತೊಂಬತ್ತೆಂಟಿರಬೇಕು. ಯಡ್ತರೆಯ ರೈತರೊಬ್ಬರು ಫೋನು ಮಾಡಿದರು. ಎತ್ತಿದ್ದು ಹೆಂಡತಿ.

"ಅಮ್ಮಾ, ಅದ್ ನಿನ್ನೆಯಿಂದ ಎದ್ದ್ ನಿಲ್ತಿಲ್ಲೆ. ಡಾಕ್ಟ್ರಿಗೆ ಬೇಗ ಬಪ್ಕೆ ಹೇಳಿ."

"ಬಪ್ದ್ ಹ್ಯಾಂಗೆ? ನಮ್ದೂ ಹಾಂಗೇ. ನಾಲ್ಕ್ ಜನ ದೂಡ್ರೆ ಮಾತ್ರ ಹೊರಡತ್ತ್."

ರೈತರಿಗೆ ಪಾಪ ಎನಿಸಿತು. "ಹಾಲ್ ಎಷ್ಟ್ ಕೊಡತ್ತ್ ಅಮ್ಮಾ?"

"ಹಾಲ್ ಇಲ್ಲೆ, ಬರೀ ಹೊಗೆ."

ಹೆಮ್ಮಾಡಿಯ ಅಂಗಡಿ

ಆಮೇಲೆ ಇಂಜಿನ್ ಸವೆಯಿತು. ಪೆಟ್ರೋಲಿಗಿಂತ ಆಯಿಲ್ಲೇ ಹೆಚ್ಚು ಬೇಕಾಗುತ್ತಿತ್ತು. ಹೆಂಡತಿಯನ್ನು ಕಾರಲ್ಲೇ ಕೂರಿಸಿ ಹೆಮ್ಮಾಡಿಯ ಅಂಗಡಿಯಲ್ಲಿ, "ನಿನ್ನೆ ಒಂದ್ ಲೀಟ್ರ್ ಎಣ್ಣಿ ಕುಡ್ದಿತ್ತ್, ಇವತ್ತ್ ಮತ್ತೆ ಬೇಕಂಬ್ರ್" ಎಂದೆ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಕಾರಿನತ್ತ ನೋಡಿದರು, ನನ್ನನ್ನು ನೋಡಿದರು, ಸೀದಾ ಹೋಗಿ ಕಿಟಕಿಗೆ ಬಗ್ಗಿದರು.

"ಬಿಟ್ಬಿಡಿ ಅಮ್ಮಾ. ಲಿವರ್ ಹಾಳಾತ್ತ್."

ಅವಳು ಗೇರ್ ಹಿಡಿಯ ಕಡೆ ಒಮ್ಮೆ ನೋಡಿ ಹೇಳಿದಳು: "ಲಿವರ್ ಸಮಾ ಇತ್ತ್. ಪಿಸ್ಟನ್ ಹೋಯ್ತ್ ಅಂಬ್ರ್."

ಬಿಜೂರಿನ ಮನೆ ಮುಟ್ಟುವವರೆಗೆ ನಕ್ಕೆವು. ಈಗ ಆ ಎಡಗಡೆಯ ಸೀಟು ಖಾಲಿ. ಒಬ್ಬನೇ ನಗುವುದು ಬಹಳ ಕಷ್ಟ, ನೋಡುವವರಿಗೂ ಕಷ್ಟ.

ಬ್ರಹ್ಮಾವರದ ಗ್ಯಾರೇಜು

ಕಳೆದ ಮಳೆಗಾಲದ ಕೊನೆಗೆ ಕಾರು ಪೂರ್ತಿ ಮಲಗಿತು. ಎಳೆಸಿಕೊಂಡು ಹೋದೆ. ಬ್ರಹ್ಮಾವರದ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, "ಸಿಲಿಂಡರ್ ಸವ್ದಿತ್ತ್, ಬೋರ್ ಮಾಡ್ಸ್ಕ್ ಡಾಕ್ಟ್ರೆ" ಎಂದ.

"ಮಾಡ್ಸುದೆಂತಕ್ಕೆ? ಮನೆಯಲ್ಲಿ ಕೂತ್ರೆ ತನ್ನಷ್ಟಕ್ಕೇ ಆತ್ತಲೆ" ಎಂದೆ. ಅವನಿಗೆ ನಗು ಬರಲಿಲ್ಲ.

"ರಿಪೇರಿ ಖರ್ಚಿಗೆ ಇಂಥದ್ದೇ ಇನ್ನೊಂದ್ ಸಿಕ್ಕತ್ತ್. ಒಬ್ರಿಗೆ ಕಾರ್ ಎಂತಕ್ಕೆ? ಹಾಲ್ ಬತ್ತಿದ ದನಕ್ಕೆ ನೀವ್ ಎಂತ ಹೇಳ್ತಿದ್ರಿ?"

"ಕೊಟ್ಟಿಗೆಯಲ್ಲೇ ಇರ್ಲಿ ಅಂತಿದ್ದೆ."

ಅವನು ಸ್ಪ್ಯಾನರ್ ನನ್ನ ಕೈಗಿಟ್ಟ. "ಹಾಂಗಾರೆ ಇಂಜೆಕ್ಷನ್ ನೀವೇ ಕೊಡಿ ಕಾಂಬ." ಆದರೂ ಮರುದಿನ ಇಂಜಿನ್ ಇಳಿಸಿದ.

ಅದ್ ಹ್ಯಾಂಗಿತ್ತ್?

ಕಾರಿಲ್ಲದೆ ಬಸ್ಸಿಗೆ ಬಿದ್ದೆ. ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಶಾಲೆಯ ಹಳೇ ಗೆಳೆಯ ಸಿಕ್ಕಿದ. ಮುಂಬೈಯಲ್ಲಿ ಹೋಟೆಲು, ಊರಿಗೆ ಬಾರದೆ ಆರೇಳು ವರ್ಷವಾಗಿತ್ತು.

"ಹ್ವಾಯ್ ಡಾಕ್ಟ್ರೆ, ಅದ್ ಹ್ಯಾಂಗಿತ್ತ್?"

"ಬ್ರಹ್ಮಾವರದಲ್ ಮಲ್ಕಂಡಿತ್ತ್. ಮೂರ್ ವಾರ ಆಯ್ತ್."

"ಎಂತ, ಆಪರೇಷನ್ನಾ?"

"ಹೌದ್, ಹೆಡ್ಡೇ ತೆಗ್ದ್ ಬದಿಗಿಟ್ಟಿದ್ರ್. ಹಳತಾಯ್ತಲೆ, ಗುಜ್ರಿಗೆ ಹಾಕಿ ಅಂದ್ರ್. ನಂಗೆ ಮನಸ್ ಬರ್ಲಿಲ್ಲೆ."

ಅವನು ನನ್ನ ತೋಳು ಹಿಡಿದುಕೊಂಡ. "ಕಟ್ಕಂಡ ಹೆಂಡ್ತಿನ ಯಾರಾರೂ ಗುಜ್ರಿಗೆ ಹಾಕ್ತ್ರಾ ಮಾರಾಯ?"

ಅವನು ಕೇಳಿದ್ದು ಯಾರನ್ನು ಎಂಬುದು ಆಗ ಹೊಳೆಯಿತು. ಅವಳು ಹೇಗಿದ್ದಾಳೆ ಎಂದು ಯಾರೂ ಕೇಳದೆ ನಾಲ್ಕು ವರ್ಷವಾಗಿತ್ತು. ನಿಜ ಹೇಳಿದರೆ ಇನ್ನು ಇವನೂ ಕೇಳಲಾರ. ಆ ಒಂದು ಗಳಿಗೆ ಅವಳನ್ನು ಇಲ್ಲ ಅನ್ನಲು ನನ್ನಿಂದಾಗಲಿಲ್ಲ.

"ಈಗ ಹುಷಾರಿತ್ತ್" ಎಂದೆ.

"ನಾ ಕೇಂಡೆ ಅಂದ್ ಹೇಳ್" ಎಂದು ಬಸ್ಸು ಹತ್ತಿದ.

ಮಾತು ಮುಟ್ಟಿಸಬೇಕಲ್ಲ. ಆ ವಾರವೇ ಕಾರು ಸಿಕ್ಕಿತು, ಕೀ ತಿರುಗಿಸಿದ ಒಂದೇ ಸಲಕ್ಕೆ ಹೊರಟಿತು. ಕುಂದಾಪುರ ದಾಟಿದ ಮೇಲೆ ಎಡಗಡೆಯ ಸೀಟಿನತ್ತ ತಿರುಗಿ, "ಮುಂಬೈಯವ ನಿನ್ನ ಕೇಂಡ" ಎಂದೆ.

ಕೇಳಿದ್ದು ತನ್ನನ್ನಲ್ಲ ಎಂದು ಕಾರಿಗೆ ಗೊತ್ತಾಗಿರಬೇಕು. ಹೆಮ್ಮಾಡಿ ಮುಟ್ಟುವ ಮೊದಲೇ ನಿಂತುಬಿಟ್ಟಿತು.