ಸಿದ್ದಾರೂಢನ ಪರ್ಮಿಟ್ಟು

ಎಲ್ಲದಕ್ಕೂ ಮೂಲ ಪಂಕಜಾಕ್ಷಿಬಾಯಿಯವರ ಮಿಕ್ಸರ್. ಅದೊಂದು ಕೆಡದೆ ಇದ್ದಿದ್ದರೆ ಲೈನ್‌ಮನ್ ಸಿದ್ದಾರೂಢ ಆ ಗುರುವಾರ ಮಧ್ಯಾಹ್ನ ಲಿಫ್ಟಿನೊಳಗೆ ಸಿಕ್ಕಿಬೀಳುತ್ತಿರಲಿಲ್ಲ.

ಗುರುವಾರವೆಂದರೆ ಮರಾಠಿ ಸೀಮೆಯ ನಿಗಡಿಯಲ್ಲಿ ರಿಪೇರಿಗೆಂದು ಕರೆಂಟು ತೆಗೆಯುವ ದಿನ. ಸಿದ್ದಾರೂಢ ಹತ್ತು ಗಂಟೆಗೆ ಸಬ್‌ಸ್ಟೇಷನ್ನಿನ ಬಾಳಕೃಷ್ಣನಿಂದ ತನ್ನ ಹೆಸರಿಗೆ ಪರ್ಮಿಟ್ ಪಡೆದು, ಲೈನು ಬಂದ್ ಮಾಡಿಸಿ, ತಾನಿರುವ ಅಪಾರ್ಟ್‌ಮೆಂಟಿನ ಹಿಂದಿನ ಟ್ರಾನ್ಸ್‌ಫಾರ್ಮರಿಗೆ ಕೈ ಹಾಕಿದ್ದ. ಪರ್ಮಿಟ್ ಪಡೆದವನೇ ಕೆಲಸ ಮುಗಿಯಿತೆಂದು ಫೋನಿನಲ್ಲಿ ಹೇಳಿ ಅದನ್ನು ವಾಪಸು ಕೊಡಬೇಕು, ಆಮೇಲೆಯೇ ಕರೆಂಟು. ಇಂಜಿನಿಯರ್ ಸುಲಭಾ ಮೇಡಂ ಬೆಳಿಗ್ಗೆಯೇ ಎಚ್ಚರಿಸಿದ್ದರು: ಒಂದು ಗಂಟೆಯ ಮೇಲೆ ಒಂದು ನಿಮಿಷ ಮೀರಿದರೂ ಇಂದಾಪುರಕ್ಕೆ ವರ್ಗ.

ಇಂದಾಪುರ ಕೆಟ್ಟ ಊರೇನಲ್ಲ. ಆದರೆ ಹೆಂಡತಿ ಮಾಧುರಿಗೆ ನಗರದ ಕ್ಯಾಂಪ್ ಬಡಾವಣೆಯಲ್ಲಿ ಈಗಷ್ಟೇ ಒಳ್ಳೆಯ ಕೆಲಸ ಸಿಕ್ಕಿತ್ತು. ಎಂಟು ವರ್ಷದಲ್ಲಿ ಐದು ಮನೆ ಬದಲಿಸಿದ್ದ ಆಕೆ, "ಇನ್ನೊಮ್ಮೆ ಗಂಟುಮೂಟಿ ಕಟ್ಟೂದಾದ್ರ ನೀವೊಬ್ಬರ ಕಟ್ರಿ" ಎಂದಿದ್ದಳು. ಆಕೆ ಆಡಿದ್ದನ್ನು ಮಾಡದೆ ಬಿಟ್ಟವಳಲ್ಲ.

ಹನ್ನೆರಡೂ ಕಾಲಿಗೆ ಕೆಲಸ ಮುಗಿಯಿತು. ಅವನು ಫೋನು ತೆಗೆಯುವಷ್ಟರಲ್ಲಿ ಮೂರನೇ ಮಹಡಿಯ ಬಾಲ್ಕನಿಯಿಂದ ಪಂಕಜಾಕ್ಷಿಬಾಯಿ ಕರೆದರು. ಮಿಕ್ಸರ್ ನೋಡಬೇಕಂತೆ.

"ಕರೆಂಟ್ ಇಲ್ಲದಾಗ ಮಿಕ್ಸರ್ ಏನ್ ನೋಡ್ಲಿರಿ ಬಾಯಾರ?"

"ಕರೆಂಟ್ ಇದ್ದಾಗ ನೀವು ಸಿಗೂದಿಲ್ಲಲ್ರಿ."

ಐದೇ ನಿಮಿಷ, ಬಂದು ಕೊನೆಯದೊಂದು ಸಲ ನೋಡಿ ಪರ್ಮಿಟ್ ವಾಪಸು ಕೊಟ್ಟರಾಯಿತು ಎಂದುಕೊಂಡ ಸಿದ್ದಾರೂಢ, ಫೋನನ್ನೂ ಚೀಲವನ್ನೂ ಟ್ರಾನ್ಸ್‌ಫಾರ್ಮರಿನ ಬೇಲಿಯೊಳಗೇ ಬಿಟ್ಟು, ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಜನರೇಟರಿನ ಮೇಲೆ ಲಿಫ್ಟು ಓಡುತ್ತಿತ್ತು. ಎರಡನೇ ಮಹಡಿ ದಾಟಿದ್ದೇ ತಡ, ಡೀಸೆಲ್ ಮುಗಿದು ಲಿಫ್ಟು ನಿಂತಿತು.

ಕತ್ತಲಲ್ಲಿ ನಿಂತು ಅವನು ಲೆಕ್ಕ ಹಾಕಿದ. ಕರೆಂಟು ಬಂದರೆ ಲಿಫ್ಟು ಓಡುತ್ತದೆ. ತಾನು ಹೊರಗೆ ಬಂದು ಹೇಳಿದರೆ ಕರೆಂಟು ಬರುತ್ತದೆ. ಲಿಫ್ಟು ಓಡಿದರೆ ತಾನು ಹೊರಗೆ ಬರುತ್ತೇನೆ. ಮೂರು ಸಲ ತಿರುಗಿಸಿ ನೋಡಿದರೂ ಲೆಕ್ಕ ಅಲ್ಲಿಗೇ ಬಂದು ನಿಂತಿತು.

ಅವನ ಕೂಗಿಗೆ ಅಕ್ಕಪಕ್ಕದವರೆಲ್ಲ ಸೇರಿದರು. ಲಿಫ್ಟಿನ ಬಾಗಿಲು ತೆಗೆಯುವ ಕೀಲಿ ವಾಚ್‌ಮನ್ ತನಿಯಪ್ಪನ ಜೇಬಿನಲ್ಲಿ, ತನಿಯಪ್ಪ ಡೀಸೆಲ್ ತರಲು ಹೋದವನು. ಎರಡನೇ ಮಹಡಿಯ ಅಮೋಘ ಉತ್ಸಾಹಿ. ಮೊದಲು ವಿದ್ಯುತ್ ಕಂಪನಿಗೆ ಫೋನು ಮಾಡಿ, ಲೈನ್‌ಮನ್ ಲಿಫ್ಟಿನಲ್ಲಿ ಸಿಕ್ಕಿದ್ದಾನೆಂದು ಮರಾಠಿಯಲ್ಲಿ ದೂರು ಬರೆಸಿದ. ಸಿದ್ದಾರೂಢ ಒಳಗೇ ಹಣೆ ಚಚ್ಚಿಕೊಂಡ. ಆಮೇಲೆ ಅಮೋಘ ಸಿದ್ದಾರೂಢನಿಂದಲೇ ನಂಬರು ಕೇಳಿಕೊಂಡು, ಸ್ಪೀಕರ್ ಹಾಕಿ ಬಾಳಕೃಷ್ಣನಿಗೆ ಹಚ್ಚಿ, ದನಿ ದಪ್ಪ ಮಾಡಿಕೊಂಡು, "ನಾ ಸಿದ್ದಾರೂಢ, ಲೈನ್ ಹಾಕ್ರಿ" ಎಂದ.

"ಇದು ಅವನ ನಂಬರ್ ಅಲ್ಲ, ದನಿನೂ ಅವನದಲ್ಲ," ಎಂದ ಬಾಳಕೃಷ್ಣ. "ಅವನ ಫೋನಿಂದ ಅವನ ಹೇಳೂ ತನಕ ನಾ ಸ್ವಿಚ್ ಮುಟ್ಟೂದಿಲ್ಲ. ಸ್ವತಃ ದೇವರ ಬಂದು ಹೇಳಿದ್ರೂ ಹಾಕಬ್ಯಾಡ ಅಂತ ಅವನ ಆಣಿ ಮಾಡಿಸ್ಯಾನ್ರಿ."

ನಿಜ. ಹೋದ ವರ್ಷ ಬೇರೊಂದು ಸಬ್‌ಸ್ಟೇಷನ್ನಿನಲ್ಲಿ ಯಾರದೋ ಮಾತು ನಂಬಿ ಲೈನು ಹಾಕಿದ್ದರು. ಸಿದ್ದಾರೂಢ ತಂತಿಯಿಂದ ಕೈ ತೆಗೆದು ಅರೆಕ್ಷಣವಾಗಿತ್ತಷ್ಟೇ. ವಾರವಿಡೀ ಅವನಿಗೆ ನಿದ್ದೆ ಹತ್ತಿರಲಿಲ್ಲ. ಈಗ ಬಾಗಿಲಿನಾಚೆ ಬಾಳಕೃಷ್ಣನ ಮಾತು ಕೇಳಿ, ಈ ಪುಣ್ಯಾತ್ಮನಿಗೆ ಕೈ ಮುಗಿಯಬೇಕೋ ಶಾಪ ಹಾಕಬೇಕೋ ಅವನಿಗೆ ತಿಳಿಯಲಿಲ್ಲ.

ಒಂದಕ್ಕೆ ಹತ್ತು ನಿಮಿಷವಿತ್ತು. ಪಂಕಜಾಕ್ಷಿಬಾಯಿ ಹೊರಗಿನಿಂದ ಮಿಕ್ಸರಿನ ಸದ್ದು ಎಂಥದೆಂದು ವಿವರಿಸುತ್ತಿದ್ದರು. ಸಿದ್ದಾರೂಢನ ಕಣ್ಣ ಮುಂದೆ ಮಾಧುರಿ, ಬಾಗಿಲಲ್ಲಿ ಒಂದೇ ಒಂದು ಟ್ರಂಕು.

ಐದು ನಿಮಿಷ ಇರುವಾಗ ಮೆಟ್ಟಿಲ ಮೇಲೆ ಏದುಸಿರು ಕೇಳಿತು. ತನಿಯಪ್ಪ. ಡೀಸೆಲ್ ಡಬ್ಬಿ ಕೆಳಗೇ ಒಗೆದು, ಕೀಲಿ ಹಿಡಿದು ಓಡಿ ಬಂದಿದ್ದ. ಬಾಗಿಲು ತೆರೆದು, ಸಿದ್ದಾರೂಢನನ್ನು ಹುತ್ತದಿಂದ ಉಡ ಎಳೆದಂತೆ ಕಾಲು ಹಿಡಿದು ಎಳೆದರು. ಅವನು ಮೆಟ್ಟಿಲು ಉರುಳಿದಂತೆ ಇಳಿದು, ಬೇಲಿ ತೆರೆದು, ಒಮ್ಮೆ ಕಣ್ಣಾಡಿಸಿ, ಫೋನಿಗೆ ಬಾಯಿ ಹಚ್ಚಿದ.

"ಬಾಳೂ, ನಾನಪಾ. ಲೈನಿನ ಮ್ಯಾಲ ಯಾರೂ ಇಲ್ಲ. ಹಾಕು."

ಒಂದಕ್ಕೆ ಒಂದು ನಿಮಿಷವಿರುವಾಗ ಕರೆಂಟು ಬಂತು. ಮೂರನೇ ಮಹಡಿಯಲ್ಲಿ ಮಿಕ್ಸರ್ ತಾನಾಗಿಯೇ ಸರಿಯಾಗಿ ತಿರುಗತೊಡಗಿತು. ಸಿದ್ದಾರೂಢ ತನಿಯಪ್ಪನನ್ನು ಅಪ್ಪಿಕೊಂಡು, ನಿನ್ನ ಋಣ ಈ ಜನ್ಮದಲ್ಲಿ ತೀರುವುದಲ್ಲ ಎಂದ.

ಅಷ್ಟರಲ್ಲಿ ಸುಲಭಾ ಮೇಡಂ ಫೋನು. ಅಮೋಘನ ದೂರು ಅವರಿಗೆ ಮುಟ್ಟಿ, ಅವರು ಬಾಳಕೃಷ್ಣನನ್ನು ಕೇಳಿ, ಅವನು ಆಣೆಯ ಕತೆಯನ್ನೆಲ್ಲ ಹೇಳಿಬಿಟ್ಟಿದ್ದ. ಮೇಡಂ ತುಂಬಾ ಖುಷಿಯಲ್ಲಿದ್ದರು. ಇಷ್ಟು ಪೇಚಿನಲ್ಲೂ ನಿಯಮ ಮುರಿಯದೆ, ವೇಳೆಯನ್ನೂ ಮೀರದೆ ಕೆಲಸ ಮಾಡಿದವನನ್ನು ತಾನು ಕಂಡಿಲ್ಲವೆಂದರು. ಇಂದಾಪುರದಲ್ಲಿ ಇಂಥ ಶಿಸ್ತೇ ಇಲ್ಲವಂತೆ. ಅಲ್ಲಿಯವರಿಗೆ ಕಲಿಸಲು ಒಬ್ಬ ಒಳ್ಳೆಯ ಮನುಷ್ಯ ಬೇಕೆಂದು ಮೇಲಿನವರು ವಾರದಿಂದ ಕೇಳುತ್ತಿದ್ದರಂತೆ. ಸಿದ್ದಾರೂಢ ಸೋಮವಾರವೇ ಅಲ್ಲಿ ಹಾಜರಾಗಬೇಕು.

ಸಿದ್ದಾರೂಢ, ಒಂದು ವೇಳೆ ತಡವಾಗಿದ್ದರೆ ಎಂದು ಕೇಳಿದ. ಮೇಡಂ ನಕ್ಕರು. ಬೆಳಿಗ್ಗೆ ಸುಮ್ಮನೆ ಹೆದರಿಸಿದ್ದಂತೆ. ಹೊತ್ತು ಮೀರಿಸುವವನನ್ನು ಅಲ್ಲಿಗೆ ಯಾರು ಕಳಿಸುತ್ತಾರೆ?

ಫೋನು ಇಟ್ಟು ಅವನು ಲಿಫ್ಟಿನ ಕಡೆ ನೋಡಿದ. ತನಿಯಪ್ಪ ಇನಾಮು ಸಿಗಬಹುದೆಂದು ಹಲ್ಲು ಕಿಸಿದು ಪಕ್ಕದಲ್ಲೇ ಇದ್ದ.

"ತನಿಯಪ್ಪಾ," ಎಂದ ಸಿದ್ದಾರೂಢ, "ಇನ್ನ ಹತ್ತು ನಿಮಿಷ ತಡಾ ಮಾಡಿ ಬಂದಿದ್ರ ನಿನ್ನ ಗಂಟೇನ್ ಹೋಗ್ತಿತ್ತೋ?"