ಬನಶಂಕರಿ ದಾಟದ ಬೈಕು

ನಮ್ಮ ಸೋದರಮಾವನ ಬಾಯಿಂದ ಎಂದೂ ಹೊರಡದ ಮಾತು ಒಂದೇ: "ಗೊತ್ತಿಲ್ಲ." ಪದ್ಮನಾಭನಗರದ ಅವರ ಬೀದಿಯಲ್ಲಿ ಯಾರ ಮಿಕ್ಸಿ ಕೆಟ್ಟರೂ, ಯಾರ ಮಂಡಿ ಹಿಡಿದುಕೊಂಡರೂ ಅದರ ಕಾರಣ ಮಾವನಿಗೆ ಗೊತ್ತು. ದಾರಿ ಕೇಳಿದವರನ್ನೂ ಅವರು ಬರಿಗೈಯಲ್ಲಿ ಕಳಿಸಿದವರಲ್ಲ. ಆ ದಾರಿ ಎಲ್ಲಿಗೆ ಹೋಗುತ್ತದೆ ಅನ್ನುವುದು ಬೇರೆ ವಿಷಯ! ಇಂಥ ಮಹಾನುಭಾವರ ಮಾನ ಕಳೆಯಲು ಹೊರಟಿದ್ದು ಅವರದೇ ಹಳೆಯ ಬೈಕು.

ಅತ್ತೆಯನ್ನು ಹಿಂದೆ ಕೂರಿಸಿಕೊಂಡು ತರಕಾರಿಗೆಂದು ಜಯನಗರ ನಾಲ್ಕನೇ ಬ್ಲಾಕಿಗೆ ಹೊರಟರೆ, ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಅದು ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಮಾವ ಇಳಿದು ಟ್ಯಾಂಕಿನ ಮುಚ್ಚಳ ತೆಗೆದು ಇಣುಕುತ್ತಿದ್ದರು. ಪೆಟ್ರೋಲು ಬೇಕಾದಷ್ಟು ಇರುತ್ತಿತ್ತು. ಮುಚ್ಚಿ ಒಂದು ಒದೆ ಕೊಟ್ಟರೆ ಮರುಮಾತಿಲ್ಲದೆ ಸ್ಟಾರ್ಟ್!

"ನಾನು ಒಂದ್ಸಲ ನೋಡಿದ್ರೆ ಸಾಕು, ಹೆದರ್ಕೊಳುತ್ತೆ ಕಣೇ," ಎನ್ನುತ್ತಿದ್ದರು ಮಾವ. ನಲವತ್ತು ವರ್ಷದಿಂದ ಆ ನೋಟಕ್ಕೆ ಚೂರೂ ಹೆದರದ ಅತ್ತೆ ಸೆರಗು ಸರಿಮಾಡಿಕೊಂಡು ಮತ್ತೆ ಹತ್ತುತ್ತಿದ್ದರು.

ಅತ್ತೆಯ ಕಥೆಯನ್ನೂ ಹೇಳಬೇಕು. ಹೋದ ವರ್ಷ ಮಾವ ತಿರುವಿನಲ್ಲಿ ಮರಳಿನ ಮೇಲೆ ಜಾರಿ ಬಿದ್ದು ಮುಂಗೈ ಮುರಿದುಕೊಂಡರು. ಅಂದಿನಿಂದ ಪ್ರತಿ ಶುಕ್ರವಾರ ಸ್ನಾನ ಮಾಡಿದ ಮೇಲೆ ಅತ್ತೆ ಬೈಕಿಗೆ ಪೂಜೆ ಮಾಡತೊಡಗಿದರು. ಟ್ಯಾಂಕಿನ ಮುಚ್ಚಳವೇ ಅದರ ಹಣೆ ಎಂದು ಅಲ್ಲಿಗೆ ಗಂಧ, ಅದರ ಮೇಲೆ ಕುಂಕುಮ. ಬೈಕು ನಿಲ್ಲಲು ಶುರುವಾದಾಗ ಮಂಗಳವಾರವೂ ಹಚ್ಚಿದರು. ಬೈಕು ಇನ್ನೂ ಬೇಗ ನಿಲ್ಲತೊಡಗಿತು.

ಕಡೆಗೊಂದು ದಿನ ಹೂಕೋಸು ಹಿಡಿದು ನಡುರಸ್ತೆಯಲ್ಲಿ ನಿಂತ ಅತ್ತೆ ತೀರ್ಪು ಕೊಟ್ಟರು. "ಭಾನುವಾರದೊಳಗೆ ಸರಿ ಮಾಡಿ. ಇಲ್ದಿದ್ರೆ ಗುಜರಿಗೆ ಹಾಕ್ಬಿಡಿ. ನಾನಂತೂ ಆಟೋದಲ್ಲಿ ಹೋಗ್ತೀನಿ."

ಮೆಕ್ಯಾನಿಕ್ಕಿಗೆ ತೋರಿಸಬಾರದೇ ಎಂದು ನಾನು ಮಾವನನ್ನು ಫೋನಿನಲ್ಲಿ ಕೇಳಿದೆ. "ಅವನಿಗೆ ಇದರ ಸ್ವಭಾವ ಏನು ಗೊತ್ತು ಪುಟ್ಟಿ?" ಎಂದರು. ನನಗೀಗ ನಲವತ್ತೈದು, ಅವರಿಗೆ ಇನ್ನೂ ಪುಟ್ಟಿ.

ಸೋಮವಾರ, ಪೆಟ್ರೋಲಿಗೆ ನೀರು ಸೇರಿದೆ ಎಂದು ಟ್ಯಾಂಕು ಖಾಲಿ ಮಾಡಿದರು. ಬುಧವಾರ, ನೂರಕ್ಕೆ ನೂರು ಪ್ಲಗ್ಗಿನದೇ ತಪ್ಪು ಎಂದು ಅತ್ತೆ ಬೆಳ್ಳಿ ದೀಪ ಉಜ್ಜುವ ಬ್ರಷ್ಷಿನಲ್ಲೇ ಅದನ್ನು ಉಜ್ಜಿದರು. ಗುರುವಾರ, ನೂರಕ್ಕೆ ಇನ್ನೂರು ಕಾರ್ಬುರೇಟರ್ ಎಂದು ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿ ಹರಡಿದರು. ಅದರೊಳಗೆ ಪೆಟ್ರೋಲು ಹಾಯುವ ಪುಟಾಣಿ ಹಿತ್ತಾಳೆ ಜೆಟ್ಟು ಮಾಯ! ಮನೆಯೆಲ್ಲ ಜಾಲಾಡಿದ್ದಾಯಿತು. ಮಧ್ಯಾಹ್ನ ಅತ್ತೆ ಒಗ್ಗರಣೆ ಹಾಕಿದಾಗ ಎಲ್ಲ ಸಾಸಿವೆಯೂ ಸಿಡಿಯಿತು, ಒಂದು ಮಾತ್ರ ಸಿಡಿಯದೆ ಹಿತ್ತಾಳೆಯಂತೆ ಹೊಳೆಯಿತು.

ಭಾನುವಾರ ನಾನು ಬಿಟಿಎಂ ಬಡಾವಣೆಯ ನಮ್ಮ ಮನೆಯಿಂದ ಹೋದೆ. ಮಾವ ಬೈಕನ್ನು ಕಾಂಪೌಂಡಿನೊಳಗೆ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಹೆಲ್ಮೆಟ್ ಸಮೇತ ಹತ್ತಿ ಕುಳಿತು, ಎಕ್ಸಿಲರೇಟರ್ ತಿರುವುತ್ತ ಎಲ್ಲಿಗೂ ಹೋಗದೆ ಜಯನಗರಕ್ಕೆ ಹೊರಟರು. ಗಡಿಯಾರ ನೋಡುವುದು ನನ್ನ ಕೆಲಸ. ಇಪ್ಪತ್ತನೇ ನಿಮಿಷಕ್ಕೆ ಬೈಕು ಕೆಮ್ಮಿ ನಿಂತಿತು. ಅಂದರೆ ಬನಶಂಕರಿಯ ತಪ್ಪೇನೂ ಇರಲಿಲ್ಲ.

ಮಾವ ಅಭ್ಯಾಸದಂತೆ ಮುಚ್ಚಳ ತೆಗೆದರು. 'ಉಸ್' ಎಂದು ಗಾಳಿ ಒಳಗೆ ನುಗ್ಗಿದ ಸದ್ದು. ಅವರ ಮುಖವೇ ಬದಲಾಯಿತು. ಈ ಸಲ ಮುಚ್ಚಳವನ್ನು ಬಿಗಿಯದೆ ಸುಮ್ಮನೆ ಮೇಲಿಟ್ಟು ಓಡಿಸಿದರು. ನಲವತ್ತು ನಿಮಿಷವಾದರೂ ಬೈಕು ನಿಲ್ಲಲಿಲ್ಲ. ಎದುರುಮನೆಯವರು ಕಿಟಕಿ ಮುಚ್ಚಿಕೊಂಡರು.

ಮಾವ ಮುಚ್ಚಳವನ್ನು ಬೆಳಕಿಗೆ ಹಿಡಿದರು. ಪದರ ಪದರವಾಗಿ ಒಣಗಿದ ಗಂಧ, ಕುಂಕುಮ. "ಪೆಟ್ರೋಲು ಕೆಳಗಿಳೀಬೇಕಾದ್ರೆ ಮೇಲಿಂದ ಗಾಳಿ ಬರ್ಬೇಕು ಪುಟ್ಟಿ. ಆ ಗಾಳಿ ಬರೋ ತೂತೇ ಮುಚ್ಚೋಗಿದೆ," ಎಂದು ಪಿಸುಗುಟ್ಟಿ ಕೈಚಾಚಿದರು. ನಾನು ದುಪಟ್ಟಾದ ಸೇಫ್ಟಿ ಪಿನ್ನು ತೆಗೆದುಕೊಟ್ಟೆ. ಅವರು ಮೆಲ್ಲಗೆ ಚುಚ್ಚಿದಾಗ ಕೆಂಪು ಪುಡಿ ಉದುರಿತು.

ಇನ್ನು ಬೀದಿಗೆಲ್ಲ ಭಾಷಣವಾಗುತ್ತದೆ ಎಂದು ನಾನು ಕಾದೆ. ಅಷ್ಟರಲ್ಲಿ ಅತ್ತೆ ಕಾಫಿ ತಂದರು. "ಏನಾಗಿತ್ತಂತೆ?"

ಮಾವ ಪಿನ್ನನ್ನು ಅಂಗೈಯಲ್ಲಿ ಮುಚ್ಚಿಕೊಂಡರು. "ಗೊತ್ತಾಗ್ಲಿಲ್ಲ ಕಣೇ. ಅದಾಗೇ ಸರಿಹೋಯ್ತು."

ನನ್ನ ಕೈಯ ಲೋಟ ಬೀಳುವುದೊಂದು ಬಾಕಿ.

"ಮಂಗಳವಾರಾನೂ ಹಚ್ಚಿದ್ದು ಒಳ್ಳೇದಾಯ್ತು ನೋಡಿ," ಎಂದು ಅತ್ತೆ ಸಮಾಧಾನದಿಂದ ಒಳಗೆ ಹೋದರು.

"ಹೆಡ್‌ಲೈಟಿಗೆ ಹಚ್ಚು ಅಂತ ಹೇಳ್ಬಹುದಿತ್ತಲ್ಲ ಮಾವ?" ಎಂದೆ.

ಮಾವ ಮುಚ್ಚಳವನ್ನು ಮತ್ತೆ ಟ್ಯಾಂಕಿಗೆ ಬಿಗಿದರು.

"ಹೆಡ್‌ಲೈಟಿಗಾದ್ರೆ ಗೇಟಿನ ಹತ್ರ ಹೋಗಿ ನಿಂತ್ಕೋತಾಳೆ. ಟ್ಯಾಂಕಿಗಾದ್ರೆ ನನ್ನ ಕಿಟಕಿ ಪಕ್ಕದಲ್ಲೇ. ಒಳಗೆ ಪೇಪರ್ ಹಿಡ್ಕೊಂಡು ಕೂತಿರ್ತೀನಲ್ಲ, ಎಲ್ಲಾ ಕೇಳ್ಸುತ್ತೆ. ಗಂಧ ಹಚ್ಚಿ, ಕೈಮುಗಿದು, ದೇವರಿಗೆ ನನ್ನ ನಕ್ಷತ್ರ ಹೇಳ್ತಾಳೆ, ಹೆಸರು ಹೇಳ್ತಾಳೆ. ಮದುವೆಯಾದಾಗಿಂದ 'ರೀ' ಅಂತ ಬಿಟ್ರೆ ಬೇರೆ ಏನೂ ಕರೆದೋಳಲ್ಲ ಪುಟ್ಟಿ. ನನ್ನ ಹೆಸರು ಅವಳ ಬಾಯಲ್ಲಿ ಬರೋದು ಅದೊಂದೇ ಹೊತ್ತು."

ಹಾಗೆಂದು ಪಿನ್ನನ್ನು ಅಂಗಿಯ ಜೇಬಿನ ಒಳಬದಿಗೆ ಚುಚ್ಚಿಕೊಂಡರು, ಬರುವ ಶುಕ್ರವಾರಕ್ಕೆ. ಅದನ್ನು ನಾನು ವಾಪಸು ಕೇಳಲಿಲ್ಲ.